ಕೈ ತೆಗೆದ ಮೇಲೆ ಏನು?

“ಡಾಕ್ಟ್ರ, ವ್ಯಾಯಾಮ ಮನ್ಯಾಗ ಮಾಡ್ತೇನ್ರಿ. ಈಗ ಕರೆಂಟ್ ಕೊಡ್ರಿ, ಸ್ವಲ್ಪ ಕೈ ಹಚ್ಚಿ ತಿಕ್ಕರಿ.”

ಹುಬ್ಬಳ್ಳಿಯ ಗೋಪನಕೊಪ್ಪದಂಥ ಬಡಾವಣೆಯ ಫಿಸಿಯೋ ಕ್ಲಿನಿಕ್ಕಿನಲ್ಲಿ ಇಂಥ ಮಾತು ಹೊಸದೇನಲ್ಲ. ಕೇಳಿದ್ದನ್ನೆಲ್ಲ ಕೊಡೋದು ಸರೀನಾ? ಪುರಾವೆ ಇಲ್ಲ ಅಂತ ಕೈಕಟ್ಟಿ ಕೂರೋದು ಸರೀನಾ?

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನಾವು ‘ಕರೆಂಟ್’ ಅನ್ನೋ ಟೆನ್ಸ್, ಅಲ್ಟ್ರಾಸೌಂಡ್, ಟ್ರ್ಯಾಕ್ಷನ್, ಸೊಂಟದ ಬೆಲ್ಟ್ ಇವನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬೇಡಿ ಅಂದಿತು. ವ್ಯಾಯಾಮಕ್ಕೆ ಹೂಂ ಅಂದಿತು. ಮಸಾಜನ್ನು ಮಾತ್ರ ತಳ್ಳಿಹಾಕಲಿಲ್ಲ, ಷರತ್ತಿನ ಮೇಲೆ ಒಪ್ಪಿತು. ಅಂದರೆ ಮಷೀನು ಬೇರೆ, ಕೈ ಬೇರೆ.

ಈಗ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ನೆಲಕ್ಕೆ ಕೂತು ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. “ಹದಿನೈದು ದಿನ ರೆಸ್ಟ್ ತಗೋರಿ” ಅಂದರೆ ಅವಳ ಮನೆ ಒಲೆ ಆರುತ್ತದೆ. ದಿನಾ ಕ್ಲಿನಿಕ್ಕಿಗೆ ಕರೆದರೆ ಫೀಸಿನ ಜೊತೆ ಅರ್ಧ ದಿನದ ದುಡಿಮೆಯೂ ಹೋಗುತ್ತದೆ. ಅವಳಿಗೆ ಬೇಕಾದದ್ದು “ಅಕ್ಕಾರ, ಒಲಿ ಎತ್ತರಕ್ಕ ಇಡ್ರಿ, ಅರ್ಧ ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ ಅಡ್ಡಾಡ್ರಿ” ಅನ್ನೋ ಮಾತು. ಇದು ಯಾವ ಮಾರ್ಗಸೂಚಿಯಲ್ಲೂ ಸಿಗಲ್ಲ, ಅವಳ ದಿನಚರಿ ಕೇಳಿದರೆ ಮಾತ್ರ ಸಿಗುತ್ತದೆ.

ಪುರಾವೆ ಆಧಾರಿತ ವೈದ್ಯಕೀಯ ಅಂದರೇನು ಅಂತ 1996ರಲ್ಲೇ ಬರೆದ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಇದನ್ನೇ ಹೇಳಿದ್ದರು. ಸಂಶೋಧನೆಯ ಜೊತೆಗೆ ವೈದ್ಯರ ಅನುಭವ ಬೇಕು, ರೋಗಿಯ ಇಷ್ಟ–ಕಷ್ಟವೂ ಲೆಕ್ಕಕ್ಕೆ ಬರಬೇಕು.

ಹಾಗಂತ ರೋಗಿ ಕೇಳಿದ್ದೆಲ್ಲ ಕೊಡೋದು ಗೌರವ ಅಲ್ಲ, ಅದು ಅಂಗಡಿ. ಕೈ ಹಚ್ಚೋದರಲ್ಲಿ ಮೋಸ ಇಲ್ಲ. “ಎಲುಬು ಜಾರೇತಿ, ನಾ ಕೂಡಸ್ತೇನಿ, ಇಪ್ಪತ್ತು ಸಿಟಿಂಗ್ ಬೇಕು” ಅಂತ ಹೆದರಿಸೋದರಲ್ಲಿ ಇದೆ. “ಇದರಿಂದ ಸ್ವಲ್ಪ ಹೊತ್ತು ಹಗುರ ಅನಸ್ತೈತಿ, ಅಷ್ಟರಾಗ ವ್ಯಾಯಾಮ ಕಲಿಯೂಣು” ಅಂದರೆ ಅದೇ ಕೈ ಪ್ರಾಮಾಣಿಕ.

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ ಹಿಡಿಸಿಕೊಳ್ಳೋ ನಮಗೂ ಇದೇ ಅಳತೆಗೋಲು. ಫಿಸಿಯೋ ಕೈ ತೆಗೆದ ಮೇಲೆ ನಮ್ಮಷ್ಟಕ್ಕೆ ನಾವು ಮಾಡಿಕೊಳ್ಳಬಲ್ಲದ್ದು ಹೆಚ್ಚಾಯಿತಾ, ಇಲ್ಲಾ ಮುಂದಿನ ಅಪಾಯಿಂಟ್‌ಮೆಂಟ್ ಮಾತ್ರ ಹೆಚ್ಚಾಯಿತಾ?