ಧರ್ಮಸಂಕಟವೆಂಬ ನೆವ

ಧರ್ಮಸಂಕಟ ಎಂಬ ಮಾತು ನಮ್ಮ ನಾಲಗೆಗೆ ಬಹು ಸಲೀಸು. ಎರಡು ಕರ್ತವ್ಯಗಳು ಎದುರುಬದುರಾಗಿ ನಿಂತಾಗ ಒಂದನ್ನು ಬಿಡಲೇಬೇಕಾದ ಸ್ಥಿತಿಗೆ ಈ ಹೆಸರು ಸಲ್ಲುತ್ತದೆ. ಆದರೆ ಎದುರುಬದುರಾಗಿ ನಿಂತಿದ್ದುದು ನಿಜವಾಗಿಯೂ ಎರಡು ಕರ್ತವ್ಯಗಳೇ ಎಂದು ನಾವು ವಿಚಾರಿಸುವುದುಂಟೆ? ಕಳೆದ ಫಾಲ್ಗುಣದಲ್ಲಿ ಬಂಡ್ರಿಯಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಮೂರನೆಯ ದಿನ ಈ ಪ್ರಶ್ನೆ ನನಗೆ ಎದುರಾಯಿತು.

ಯುಗಾದಿಯ ಮುನ್ನ ಶ್ರೀಶೈಲದ ದಾರಿ ಹಿಡಿಯುವುದು ನಮ್ಮ ಸೀಮೆಯವರಿಗೆ ಹೊಸತಲ್ಲ. ಊರೂರುಗಳಿಂದ ಜನ ಕಂಬಿ ಹೊತ್ತು ಹೊರಡುತ್ತಾರೆ. ಭ್ರಮರಾಂಬೆಯನ್ನು ಮನೆಮಗಳೆಂದು ಬಗೆದು ಸೀರೆ, ಬಳೆ, ಅರಿಸಿನ-ಕುಂಕುಮ ಒಯ್ಯುತ್ತಾರೆ. ನಲ್ಲಮಲೆಯ ಕಾಡು ದಾಟಿ ಮಲ್ಲಯ್ಯನನ್ನು ಕಾಣುತ್ತಾರೆ. ನನ್ನ ತಾಯಿ ಈ ಹರಕೆ ಹೊತ್ತಿದ್ದಳು, ತೀರಿಸದೆಯೇ ಹೋದಳು. ಅವಳ ಪಾಲಿನ ನಡಿಗೆಯನ್ನು ಬರಿಗಾಲಲ್ಲಿ ನಡೆಯಬೇಕೆಂದು ನಾನು ಸಂಕಲ್ಪ ಮಾಡಿದ್ದೆ. ಬಂಡ್ರಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ಬಾಲ್ಯದ ಗೆಳೆಯನಿಗೆ ಯಾವ ಹರಕೆಯೂ ಇರಲಿಲ್ಲ. "ಒಬ್ಬನೇ ಹೆಂಗ ಹೋಗ್ತೀಯೋ, ನಾನೂ ಬರ್ತೀನಿ ನಡಿ" ಎಂದವನೇ, ನನ್ನ ಕಾಲು ನೋಡಿ ತಾನೂ ಚಪ್ಪಲಿ ಕಳಚಿಟ್ಟು ಹೊರಟುಬಿಟ್ಟ.

ಮೊದಲ ದಿನ ಸಂಡೂರಿನವರೆಗೆ ಹಳೆಯ ಮಾತು, ನಗು. ಎರಡನೆಯ ದಿನ ತೋರಣಗಲ್ಲಿನ ಕಡೆಗೆ ಸಾಗುವಾಗ ಅದಿರಿನ ಲಾರಿಗಳ ಸಾಲು, ಮೈಯೆಲ್ಲ ಕೆಂಧೂಳು. ಲಾರಿಗಳು ಹಾಯುವ ಮಗ್ಗುಲಲ್ಲಿ ತಾನು ನಡೆದು ನನ್ನನ್ನು ಆಚೆಯ ಅಂಚಿಗೆ ಹಾಕಿಕೊಂಡಿದ್ದನೆಂಬುದನ್ನು ಆಗ ನಾನು ಗಮನಿಸಿರಲಿಲ್ಲ. ಮೂರನೆಯ ದಿನ ಕುಡತಿನಿ ತಲಪುವಷ್ಟರಲ್ಲಿ ಕಾದ ಡಾಂಬರಿಗೆ ಅವನ ಹಿಮ್ಮಡಿ ಬಿರಿದು ನೆತ್ತರು ಜಿನುಗುತ್ತಿತ್ತು. ಬೇವಿನ ಮರದ ಬುಡದಲ್ಲಿ ಕುಳಿತು, "ನೀ ನಡಿಯಪ್ಪ, ಅವ್ವನ ಹರಕಿ ನಿಲ್ಲಬಾರದು. ನಂಗ ಬಸ್ಸೈತಿ" ಎಂದ. ನಾನು ಎರಡು ಸಲ ಬೇಡವೆಂದೆ. ಮೂರನೆಯ ಸಲ ಎದ್ದು ನಡೆದೆ.

ಆ ರಾತ್ರಿ ಬಳ್ಳಾರಿಯಲ್ಲಿ, ಪಾದಯಾತ್ರಿಗಳಿಗೆಂದು ಹಾಕಿದ್ದ ಚಪ್ಪರದಲ್ಲಿ ಯಾರೋ ಹುಡುಗ ಬಿಸಿನೀರು ತಂದು, "ಕಾಲು ಕೊಡ್ರಿ ಅಣ್ಣಾ" ಎಂದು ನನ್ನ ಪಾದ ತೊಳೆದು ಎಣ್ಣೆ ಹಚ್ಚಿದ. ಗುರುತಿಲ್ಲದ ಹುಡುಗ ನನಗೆ ಮಾಡಿದ ಈ ಸೇವೆಯನ್ನು, ನನಗಾಗಿ ಚಪ್ಪಲಿ ಬಿಟ್ಟವನಿಗೆ ನಾನು ಮಾಡಿರಲಿಲ್ಲ.

ಓದಿದವನ ಬುದ್ಧಿ ಸುಮ್ಮನಿರುತ್ತದೆಯೇ? ಸಮರ್ಥನೆಗಾಗಿ ಭಾರತಕ್ಕೆ ಮೊರೆಹೊಕ್ಕಿತು. ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ಮುಗಿಯುತ್ತದೆ; ಮುಂದಿನ ಪರ್ವಗಳನ್ನು ಕನ್ನಡಿಸಿದವನು ೧೫೦೯ರಿಂದ ೧೫೨೯ರವರೆಗೆ ನಮ್ಮ ಹಂಪಿಯಲ್ಲಿ ಆಳಿದ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದಾಗ ಧರ್ಮರಾಯ ನಿಲ್ಲಲಿಲ್ಲ. ನಾನೇಕೆ ನಿಲ್ಲಬೇಕಾಗಿತ್ತು? ಆದರೆ ವ್ಯಾಸಭಾರತದಲ್ಲಿ ಅದೇ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆನ್ನುತ್ತಾನೆ. ತಮ್ಮಂದಿರನ್ನು ಬಿಟ್ಟವನಿಗೆ ನಾಯಿಯದೇನು ಎಂದು ಇಂದ್ರ ಕೆಣಕಿದಾಗ, ಅವರು ಸತ್ತ ಮೇಲೆ ಬಿಟ್ಟೆ, ಬದುಕಿದ್ದಾಗ ಬಿಡಲಿಲ್ಲ ಎಂಬುದು ಅವನ ಉತ್ತರ. ನನಗೆ ಆ ಉತ್ತರವೂ ಇರಲಿಲ್ಲ. ನನ್ನ ಗೆಳೆಯ ಸತ್ತಿರಲಿಲ್ಲ; ಅವನ ಹಿಮ್ಮಡಿ ಬಿರಿದಿತ್ತು, ಅಷ್ಟೇ.

ಇನ್ನೊಂದು ವಾದ ಉಳಿದಿತ್ತು. ಬದುಕಿರುವವನು ನಮ್ಮನ್ನು ಋಣದಿಂದ ಬಿಡಿಸಬಲ್ಲ. ಸತ್ತ ತಾಯಿ ಬಿಡಿಸಲಾರಳು. ಅವನು ತಾನಾಗಿಯೇ ಹೋಗೆಂದನಲ್ಲ! ವಾದವೇನೋ ಚೊಕ್ಕಟವಾಗಿದೆ. ಆದರೆ ಅನುಮತಿ ಕೊಟ್ಟವನ ದೊಡ್ಡತನ ಪಡೆದವನ ಸಣ್ಣತನವನ್ನು ಮುಚ್ಚುವುದಿಲ್ಲ. ಬಿಟ್ಟುಕೊಡುವ ಗುಣವಿರುವವರಿಂದಲೇ ನಾವು ಹೆಚ್ಚು ಕಿತ್ತುಕೊಳ್ಳುತ್ತೇವೆ.

ಇಷ್ಟೆಲ್ಲ ವಾದದ ನಡುವೆ ಒಂದು ಸರಳ ಸಂಗತಿಯನ್ನು ನಾನು ಮರೆಮಾಡಿದ್ದೆ. ಯುಗಾದಿಗೆ ಇನ್ನೂ ದಿನಗಳಿದ್ದವು. ಕುಡತಿನಿಯಲ್ಲಿ ಎರಡು ದಿನ ತಂಗಿದ್ದರೆ ತಾಯಿಯ ಹರಕೆ ಕೆಡುತ್ತಿರಲಿಲ್ಲ. ಕೆಡುತ್ತಿದ್ದುದು ಇಂಥ ದಿನ ಇಂಥ ಊರು ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ನನ್ನ ಲೆಕ್ಕ. ಹರಕೆಗೂ ಗೆಳೆಯನಿಗೂ ಜಗಳವೇ ಇರಲಿಲ್ಲ. ಜಗಳವಿದ್ದುದು ಗೆಳೆಯನಿಗೂ ನನ್ನ ಅನುಕೂಲಕ್ಕೂ. ಅನುಕೂಲಕ್ಕೆ ನಾನು ತಾಯಿಯ ಹೆಸರಿಟ್ಟೆ. ನಮ್ಮ ಧರ್ಮಸಂಕಟಗಳಲ್ಲಿ ಎಷ್ಟೋ ಇಂಥವೇ ಇರಬೇಕು. ಕಚೇರಿಯ ಕೆಲಸದ ನೆವದಲ್ಲಿ ಕಾಯಿಲೆಯವರನ್ನು ನೋಡಹೋಗದವರು, ಮಕ್ಕಳ ಭವಿಷ್ಯದ ನೆವದಲ್ಲಿ ಮುದಿ ತಂದೆತಾಯಿಯನ್ನು ಮರೆತವರು ಒಮ್ಮೆ ಚೀಟಿಯನ್ನು ತೆಗೆದು ನೋಡಬೇಕು.

ನಾನು ಶ್ರೀಶೈಲ ತಲಪಿದೆ, ದರ್ಶನವೂ ಆಯಿತು. ಬಂಡ್ರಿಗೆ ಮರಳಿ ಪ್ರಸಾದ ಕೊಟ್ಟಾಗ ಅವನು ಕಣ್ಣಿಗೊತ್ತಿಕೊಂಡು, "ಅವ್ವನ ಹೆಸರು ಹೇಳಿದ್ಯಾ?" ಎಂದ. "ನಿನ್ನ ಹೆಸರೂ ಹೇಳಿದೆ" ಎಂದೆ. ಅದು ನಿಜ. ಅವನು ಸಂತೋಷದಿಂದ ನಕ್ಕ. ಅವನ ಹಿಮ್ಮಡಿ ಆಗಲೇ ಮಾಯ್ದಿತ್ತು; ಅದಕ್ಕೆ ಹಿಡಿದದ್ದು ಬರೀ ನಾಲ್ಕು ದಿನವಂತೆ.