ಆಪದ್ಧರ್ಮವೂ ಅಳಿವೆಯ ನೀರೂ



ತಪ್ಪೊಂದು ಯಾರ ಕಣ್ಣಿಗೂ ಬೀಳದೆ ಹೋದರೆ ಅದರ ಭಾರ ಕಡಮೆಯಾಗುವುದೇ? ಈ ಪ್ರಶ್ನೆಗೆ ನಾಲಗೆಯಿಂದ ‘ಇಲ್ಲ’ ಎಂದು ಉತ್ತರಿಸುವುದು ಸುಲಭ. ನಡತೆಯಲ್ಲಿ ಮಾತ್ರ ನಾವು ಬಹುಮಟ್ಟಿಗೆ ‘ಹೌದು’ ಎಂದೇ ಉತ್ತರಿಸುತ್ತ ಬಂದಿದ್ದೇವೆ. ಬಚ್ಚಲಿನ ನೀರು ಗೋಡೆಯನ್ನು ದಾಟಿದೊಡನೆ ಅದು ನಮ್ಮದಲ್ಲವೆಂದು ಭಾವಿಸುತ್ತೇವೆ. ಒಬ್ಬನ ಈ ಮರೆವು ಇಡೀ ನಗರದ ಮರೆವಾದಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಥೇಮ್ಸ್ ನದಿಯ ಅಳಿವೆಯ ಚರಿತ್ರೆ ಒಂದು ನಿದರ್ಶನವಾಗಿದೆ.

1858ರ ಬೇಸಗೆಯಲ್ಲಿ ಲಂಡನ್ ನಗರದ ಮಧ್ಯದಲ್ಲಿ ಆ ನದಿ ಅಸಹನೀಯವಾಗಿ ನಾರತೊಡಗಿತು. ದಡದಲ್ಲಿದ್ದ ಪಾರ್ಲಿಮೆಂಟಿನ ಸದಸ್ಯರ ಮೂಗಿಗೇ ದುರ್ಗಂಧ ತಾಗಿದ ಮೇಲೆ ಪರಿಹಾರದ ಕಾನೂನು ಶೀಘ್ರವಾಗಿಯೇ ಹೊರಟಿತು. ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರರ ಯೋಜನೆಯಂತೆ ದೊಡ್ಡ ನೆಲದಡಿ ಚರಂಡಿಗಳು ನಿರ್ಮಾಣವಾಗಿ, ಕೊಳಚೆಯನ್ನು ಊರಿನ ಪೂರ್ವಕ್ಕೆ ಒಯ್ದು ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬ ಸ್ಥಳಗಳಲ್ಲಿ ಹೊಳೆಗೆ ಬಿಡುವ ಏರ್ಪಾಡಾಯಿತು. ಅದು ಮಹತ್ಕಾರ್ಯವೇ, ಅದರಿಂದ ಅಸಂಖ್ಯ ಜೀವಗಳು ಉಳಿದವು. ಆದರೆ ಕೊಳೆ ನಾಶವಾಗಲಿಲ್ಲ, ಸ್ಥಳ ಬದಲಿಸಿತು. 1878ರ ಸೆಪ್ಟೆಂಬರ್ 3ರಂದು ‘ಪ್ರಿನ್ಸೆಸ್ ಆಲಿಸ್’ ಎಂಬ ಪ್ರಯಾಣಿಕರ ಹಡಗು ಆ ಭಾಗದಲ್ಲಿಯೇ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿ 600ಕ್ಕೂ ಹೆಚ್ಚು ಜನ ಮಡಿದರು. ಅವರು ಬಿದ್ದದ್ದು ಸ್ವಲ್ಪ ಹೊತ್ತಿಗೆ ಮುಂಚೆ ಬಿಟ್ಟ ಕೊಳಚೆಯಿಂದ ತುಂಬಿದ ನೀರಿಗೆ. ಅಳಿವೆಯೆಂದರೆ ಕಡಲೂ ಹೊಳೆಯೂ ಕೂಡುವ ಎಡೆ. ಅಲ್ಲಿ ಇಳಿತದೊಡನೆ ಹೋದದ್ದು ಭರತದೊಡನೆ ಹಿಂದಿರುಗುತ್ತದೆ. ‘ಆಚೆಗೆ ಎಸೆದೆವು’ ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ದೇಶದ ಹಳೆಯ ಊರುಗಳಲ್ಲಿ ಮನೆಯ ಕೊಳಚೆಯೂ ಬೀದಿಯ ಮಳೆನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಭಾರಿ ಮಳೆ ಸುರಿದಾಗ ಕೊಳವೆ ತುಂಬಿ, ಹೊಲಸು ಹಿಮ್ಮುಖವಾಗಿ ಜನರ ಮನೆಗಳಿಗೇ ನುಗ್ಗುವ ಅಪಾಯವಿದೆ. ಅದನ್ನು ತಪ್ಪಿಸಲು ಹೆಚ್ಚಾದ ನೀರನ್ನು ಶುದ್ಧಿಗೊಳಿಸದೆಯೇ ಹೊಳೆಗೋ ಕಡಲಿಗೋ ಬಿಡುವ ದ್ವಾರಗಳಿವೆ. ಇದು ಆಪದ್ಧರ್ಮ. ಆಪತ್ತಿನಲ್ಲಿ ನಿಯಮವನ್ನು ಸಡಿಲಿಸುವುದನ್ನು ವಿವೇಕಿಗಳು ಎಂದೂ ದೂಷಿಸಿಲ್ಲ. ಆಪತ್ತು ಕಳೆದ ಮೇಲೆಯೂ ಸಡಿಲಿಕೆ ಉಳಿದುಬಿಟ್ಟರೆ, ಆಪದ್ಧರ್ಮವೇ ನಿತ್ಯಧರ್ಮವಾಗಿಬಿಟ್ಟರೆ, ಆಗ ಅಧರ್ಮವು ಧರ್ಮದ ವಸ್ತ್ರವನ್ನೇ ಉಟ್ಟು ನಿಲ್ಲುತ್ತದೆ. ಸದರ್ನ್ ವಾಟರ್ ಎಂಬ ಕಂಪನಿ 2010ರಿಂದ 2015ರವರೆಗೆ ಆ ದೇಶದ ದಕ್ಷಿಣ ತೀರದಲ್ಲಿ ಸುಮಾರು 7,000 ಸಲ ಅಕ್ರಮವಾಗಿ ಕೊಳಚೆ ಬಿಟ್ಟದ್ದನ್ನು ಒಪ್ಪಿಕೊಂಡಿತು. 2021ರಲ್ಲಿ ನ್ಯಾಯಾಲಯ ಅದಕ್ಕೆ 9 ಕೋಟಿ ಪೌಂಡು ದಂಡ ವಿಧಿಸಿತು.

ಆಪತ್ತು ಯಾವುದು, ಅಭ್ಯಾಸ ಯಾವುದು ಎಂಬುದನ್ನು ಬೇರ್ಪಡಿಸಲು ಸಾಕ್ಷಿ ಬೇಕು. ಅದಕ್ಕಾಗಿ ದ್ವಾರಗಳಲ್ಲಿ ಮಾಪಕಗಳನ್ನಿಟ್ಟರು. 2023ರ ಕೊನೆಯ ವೇಳೆಗೆ ಇಂಗ್ಲೆಂಡಿನ 14,000ಕ್ಕೂ ಮಿಕ್ಕ ದ್ವಾರಗಳೆಲ್ಲಕ್ಕೂ ಈ ಕಾವಲು ದೊರಕಿತು. 2024ರಲ್ಲಿ ಅವು 4,50,398 ಬಿಡುಗಡೆಗಳನ್ನು, ಒಟ್ಟು 36 ಲಕ್ಷ ಗಂಟೆಗಳಿಗೂ ಮೀರಿದ ಕಾಲವನ್ನು ದಾಖಲಿಸಿದವು. 2021ರ ಪರಿಸರ ಕಾಯಿದೆಯ ಪ್ರಕಾರ, 2025ರಿಂದ, ಕೊಳಚೆ ಹರಿಯತೊಡಗಿದ ಒಂದು ಗಂಟೆಯೊಳಗೆ ಕಂಪನಿಗಳು ಅದನ್ನು ಸಾರ್ವಜನಿಕರಿಗೆ ತಿಳಿಸತಕ್ಕದ್ದು.

‘ಅಳೆಯತೊಡಗಿದ ಮೇಲೆ ಕೊಳೆ ಹೆಚ್ಚಾಯಿತಲ್ಲ?’ ಎಂದು ಯಾರಾದರೂ ಕೇಳಬಹುದು. ಕತ್ತಲೆಯ ಕೋಣೆಗೆ ದೀಪ ತಂದವನನ್ನು ‘ಕಸ ತಂದವನು’ ಎಂದು ದೂರಿದಂತೆ ಈ ಮಾತು. ಮಾಪಕವಿಲ್ಲದ ದಿನಗಳ ಲೆಕ್ಕ ಚಿಕ್ಕದಾಗಿದ್ದುದಕ್ಕೆ ಕಾರಣ ನೀರು ನಿರ್ಮಲವಾಗಿದ್ದುದಲ್ಲ, ನೋಡುವವರಿಲ್ಲದ್ದು.

ಆದರೂ ಈ ಸಾಕ್ಷಿಯ ಮಿತಿಯನ್ನು ನಾವು ಅರಿಯಬೇಕು. ಮಾಪಕ ಹೇಳುವುದು ಎಷ್ಟು ಹೊತ್ತು ಹರಿಯಿತೆಂಬುದನ್ನು. ಎಷ್ಟು ಹರಿಯಿತು, ಅದರಿಂದ ಯಾವ ಮೀನು ಸತ್ತಿತು, ಯಾವ ಮಗುವಿಗೆ ಬೇನೆ ಬಂದಿತು ಎಂಬುದನ್ನು ಅದು ಹೇಳಲಾರದು. ಎಣಿಕೆಯ ಕ್ರಮವನ್ನೇ ನೋಡಿ: ಮೊದಲ 12 ಗಂಟೆಗಳಲ್ಲಿ ಎಷ್ಟು ಬಾರಿ ಹರಿದರೂ ಅದು ಒಂದೇ ಲೆಕ್ಕ, ಮುಂದುವರಿದರೆ ಆಮೇಲಿನ ಪ್ರತಿ 24 ಗಂಟೆಗೆ ಮತ್ತೊಂದು. ಐದು ನಿಮಿಷ ಹರಿದದ್ದೂ ಒಂದು, ಹನ್ನೆರಡು ಗಂಟೆ ಹರಿದದ್ದೂ ಒಂದು. ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ನಡತೆ ಸರಿಯಾಯಿತೆಂದು ಬಗೆಯುವುದು ದೊಡ್ಡ ಭ್ರಾಂತಿ. ಯಂತ್ರಕ್ಕೆ ಕಣ್ಣಿದೆ, ನಾಚಿಕೆಯಿಲ್ಲ. ನಾಚಿಕೆಪಡಬೇಕಾದವನು ಮನುಷ್ಯನೇ.

ಅರಿವು ಆಚಾರವಾಗಿ ಫಲಿಸದಿದ್ದರೆ ಅದು ಅಜ್ಞಾನಕ್ಕಿಂತಲೂ ಭಾರವಾದುದು. ಅರಿಯದೆ ಮಾಡಿದವನಿಗೆ ಕ್ಷಮೆ ಕೇಳಲು ಅವಕಾಶವಿದೆ. ಗಂಟೆಗಂಟೆಗೂ ಅರಿಯುತ್ತಲೇ ಮಾಡುವವನಿಗೆ ಯಾವ ನೆಪವಿದೆ? ಅರಿವು ಆಚಾರವಾಗುವ ದಾರಿಯೂ ಅಲ್ಲಿಯೇ ಕಾಣುತ್ತದೆ. ಥೇಮ್ಸ್ ನದಿಗೆ ಹರಿಯುತ್ತಿದ್ದ ಕೊಳಚೆಯನ್ನು ತಡೆಹಿಡಿದು ಬೆಕ್ಟನ್ನಿನ ಶುದ್ಧೀಕರಣಾಲಯಕ್ಕೆ ಸಾಗಿಸಲು 25 ಕಿಲೋಮೀಟರ್ ಉದ್ದದ ಸುರಂಗವನ್ನು ತೋಡಿದರು. 2025ರ ಫೆಬ್ರವರಿಯಲ್ಲಿ ಅದರ ಜೋಡಣೆ ಪೂರ್ಣಗೊಂಡಿತು. ಅದರ ವೆಚ್ಚವನ್ನು ತೆರುವವರು ಲಂಡನ್ನಿನ ಮನೆಮನೆಯವರು. ಕೊಳೆ ಎಲ್ಲರದಾದ ಮೇಲೆ ಅದನ್ನು ತೊಳೆಯುವ ಹೊಣೆಯೂ ಎಲ್ಲರದೇ ಅಲ್ಲವೇ? ಕಂಪನಿಯನ್ನು ದೂರುವ ಬೆರಳು ನಮ್ಮ ಬಚ್ಚಲಿನ ಕಡೆಗೂ ಒಮ್ಮೆ ತಿರುಗಲೇಬೇಕು.

ನಮ್ಮೊಳಗೂ ಇಂತಹ ದ್ವಾರಗಳುಂಟು. ‘ಇದೊಂದು ಸಲ, ವಿಧಿಯಿಲ್ಲದೆ’ ಎಂದು ಸುಳ್ಳಿಗೋ ಸಿಟ್ಟಿಗೋ ಬಾಗಿಲು ತೆರೆಯುತ್ತೇವೆ. ಮಳೆ ನಿಂತ ಮೇಲೆಯೂ ಅದು ತೆರೆದೇ ಇದೆಯೇ ಎಂದು ನೋಡುವ ಮಾಪಕವೇ ಅಂತಸ್ಸಾಕ್ಷಿ. ಅದು ದಾಖಲಿಸಿದ್ದನ್ನು ಪ್ರತಿದಿನ ಓದಿಕೊಳ್ಳಬೇಕು; ಓದಿ, ಏಳಬೇಕು; ಎದ್ದು, ಬಾಗಿಲನ್ನು ಮುಚ್ಚಬೇಕು.