ನಿತ್ಯಕರ್ಮವೂ ನಿತ್ಯದ ಔಷಧವೂ

ರೋಗಗಳಲ್ಲಿ ಬಂದು ಹೋಗುವವು ಕೆಲವು, ಬಂದು ನೆಲೆಸುವವು ಕೆಲವು. ಜ್ವರ ಬಂದವನು ನಾಲ್ಕು ದಿನ ಮಲಗಿ ಎದ್ದು ಅದನ್ನು ಮರೆಯುತ್ತಾನೆ. ಮಧುಮೇಹ ಬಂದವನಿಗೆ ಮಲಗುವ ಹಾಗೂ ಇಲ್ಲ, ಮರೆಯುವ ಹಾಗೂ ಇಲ್ಲ. ಅವನು ಬೆಳಗಿನ ಲೋಕಲ್ ಗಾಡಿ ಹಿಡಿಯಬೇಕು, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕು, ಹಬ್ಬಕ್ಕೆ ಬಂದ ನೆಂಟರೊಡನೆ ನಗುತ್ತ ಕುಳಿತುಕೊಳ್ಳಬೇಕು. ಜೊತೆಗೆ ರೋಗವನ್ನೂ ಸಂಭಾಳಿಸಬೇಕು. ಇಂಥವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಪೂರ್ಣ ಗುಣವಾಗದ ಮೇಲೆ ಈ ದಿನದಿನದ ಔಷಧ, ಪಥ್ಯಗಳಿಂದ ಫಲವೇನು?

ನಮ್ಮ ಹಿರಿಯರ ಕರ್ಮವಿಚಾರದಲ್ಲಿಯೇ ಇದಕ್ಕೊಂದು ಉತ್ತರವಿದೆ. ಅವರು ಕರ್ಮಗಳಲ್ಲಿ ಕಾಮ್ಯವೆಂದೂ ನಿತ್ಯವೆಂದೂ ಭೇದ ಮಾಡಿದರು. ಕಾಮ್ಯಕ್ಕೆ ಗೊತ್ತಾದ ಫಲವುಂಟು. ಸಂಧ್ಯಾವಂದನೆಯಂಥ ನಿತ್ಯಕರ್ಮವಾದರೋ, ಮಾಡಿದ್ದಕ್ಕೆ ವಿಶೇಷ ಫಲವಿಲ್ಲ, ಬಿಟ್ಟರೆ ದೋಷವುಂಟು ಎಂಬುದು ಒಂದು ಸಂಪ್ರದಾಯದ ಮತ. ಮಾತ್ರೆಯ ಸ್ವಭಾವವೂ ಇಂಥದೇ. ನುಂಗಿದ ದಿನ ಕಾಣುವಂಥದು ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅದರ ಫಲ. ಬಿಟ್ಟದ್ದರ ಬಾಕಿಯನ್ನು ಕಣ್ಣು, ಮೂತ್ರಪಿಂಡ, ಪಾದಗಳು ಎಷ್ಟೋ ವರ್ಷಗಳ ಮೇಲೆ ತೀರಿಸಬೇಕಾದೀತು.

ಗುಣವಾಗದಿದ್ದರೂ ಚಿಕಿತ್ಸೆಯಿಂದ ಹಿಡಿತದಲ್ಲಿಡಬಹುದಾದ ರೋಗವನ್ನು ಆಯುರ್ವೇದವು 'ಯಾಪ್ಯ' ಎಂದು ಕರೆಯುತ್ತದೆ. ಸುಶ್ರುತಸಂಹಿತೆಯು ಆ ಚಿಕಿತ್ಸೆಯನ್ನು ಬೀಳಲಿರುವ ಮನೆಗೆ ಸರಿಯಾಗಿ ನಿಲ್ಲಿಸಿದ ಆಸರೆಗಂಬಕ್ಕೆ ಹೋಲಿಸುತ್ತದೆ. ಕಂಬ ಮನೆಯನ್ನು ಹೊಸದು ಮಾಡುವುದಿಲ್ಲ. ಆದರೆ ಅದರ ಕೆಳಗೆ ಸಂಸಾರ ನಡೆಯುತ್ತದೆ. 1922ರಲ್ಲಿ ಟೊರಾಂಟೊ ನಗರದ 14 ವರ್ಷದ ಬಾಲಕನಿಗೆ ಇನ್ಸುಲಿನ್ ಚುಚ್ಚುವವರೆಗೆ ಅಂಥ ಮಕ್ಕಳಿಗೆ ಈ ಕಂಬವೂ ಇರಲಿಲ್ಲವೆಂಬುದನ್ನು ನೆನೆದರೆ ಅದರ ಬೆಲೆ ತಿಳಿದೀತು.

ನವರಾತ್ರಿ ಬಂದಾಗ ಈ ಕಂಬವನ್ನು ನಾವೇ ಅಲುಗಿಸುವುದುಂಟು. "ಒಂಬತ್ತು ದಿನ ಉಪವಾಸ, ತಾಯಿ ಕಾಪಾಡುತ್ತಾಳೆ" ಎನ್ನುವ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು, ಬೆವರು, ನಡುಕ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಊಟಕ್ಕಾಗಿ ಔಷಧವನ್ನೇ ಬಿಟ್ಟರೆ ಸಕ್ಕರೆ ಏರುವ ಭಯ. ಆದುದರಿಂದ ಉಪವಾಸದ ಸಂಕಲ್ಪಕ್ಕೆ ಮೊದಲು ವೈದ್ಯರ ಮಾತು ಕೇಳಬೇಕು. ಇದರಲ್ಲಿ ಧರ್ಮಲೋಪವೇನೂ ಇಲ್ಲ. ಮಹಾಭಾರತದ ವಿದುರನು ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಹಣ್ಣು, ಹಾಲುಗಳೊಡನೆ ಗುರುವಚನವನ್ನೂ ಔಷಧವನ್ನೂ ಸೇರಿಸಿದ್ದಾನೆ.

ಇನ್ನು ಮನೆಯವರ ಕರ್ತವ್ಯವೇನು? ಒಬ್ಬನ ಸಂಧ್ಯಾವಂದನೆಯನ್ನು ಇನ್ನೊಬ್ಬರು ಮಾಡಲಾಗದು. ಪಂಚಪಾತ್ರೆ ತೊಳೆದಿಡಬಹುದು, ಮಣೆ ಹಾಕಬಹುದು. ಪಥ್ಯದ ವಿಷಯದಲ್ಲಿಯೂ ಅಷ್ಟೇ. ಹೊತ್ತಿಗೆ ಸರಿಯಾಗಿ ಊಟ, ಡಬ್ಬಿಯಲ್ಲಿ ಒಂದಿಷ್ಟು ಹೆಚ್ಚು ಪಲ್ಯ, ಸಂಜೆಯ ನಡಿಗೆಗೆ ಒಬ್ಬರ ಜೊತೆ, ಇಷ್ಟು ಅಣಿ ಮಾಡಿಕೊಡುವುದು ಪ್ರೀತಿ. ಹತ್ತು ಜನರೆದುರು ಹೋಳಿಗೆಯ ತಟ್ಟೆಯನ್ನು ಕೈಯಿಂದ ಕಸಿಯುವುದು ಕಾವಲು. ಕಾವಲಿನಿಂದ ರೋಗಿ ಕದ್ದು ತಿನ್ನುವುದನ್ನು ಕಲಿಯುತ್ತಾನೆಯೇ ಹೊರತು ನಿಯಮವನ್ನಲ್ಲ. ಊರಿನ ತುಂಬಿದ ಮನೆಯಲ್ಲಿ ಈ ಹೊಣೆಯನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಅದೆಲ್ಲ ಒಬ್ಬಳೇ ಗೃಹಿಣಿಯ ಮೇಲೆ ಬೀಳುತ್ತದೆ. ಅನೇಕ ವೇಳೆ ಅವಳೂ ಕಛೇರಿಗೆ ಹೋಗುವವಳು. ತನ್ನ ಮಾತ್ರೆಯನ್ನು ತಾನೇ ನೆನಪಿಟ್ಟು ತೆಗೆದುಕೊಳ್ಳುವುದು ರೋಗಿಯು ಅವಳಿಗೆ ಸಲ್ಲಿಸಬಹುದಾದ ಮೊದಲ ಕೃತಜ್ಞತೆ.

ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನಗೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಬಹಳ ನ್ಯಾಯವಾದದ್ದೆಂದು ತೋರುತ್ತದೆ. ಅದು ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಕಟ್ಟುನಿಟ್ಟಾಗಿದ್ದರೆ ಅದು ಮೋಸಹೋಗದು. ಹಬ್ಬದ ಒಂದು ಚೂರು ಹೋಳಿಗೆಗೆ ಮುನಿಯುವುದೂ ಇಲ್ಲ. ಒಟ್ಟು ನಡತೆಯನ್ನು ನೋಡುತ್ತದೆ.

'ನಾನು ಮನೆಗೆ ಭಾರವಾದೆ' ಎಂದು ಕೊರಗುವವರು ಇದನ್ನು ಮನಗಾಣಬೇಕು. ದಿನವೂ ತಪ್ಪದೆ ತನ್ನ ನಿಯಮ ನಡೆಸುವವನು ಭಾರವಲ್ಲ. ಆ ಮನೆಯ ಕಂಬಗಳಲ್ಲಿ ಅವನೂ ಒಬ್ಬ. ಈ ವಿಜಯದಶಮಿಯಂದು ತಾಯಿ ಚಾಮುಂಡೇಶ್ವರಿಯಲ್ಲಿ ಆರೋಗ್ಯವನ್ನು ಬೇಡೋಣ. ಅದರೊಡನೆ, ನಾಳೆಯ ಮಾತ್ರೆಯನ್ನು ಬೇಸರವಿಲ್ಲದೆ ತೆಗೆದುಕೊಳ್ಳುವ ಮನಸ್ಸನ್ನೂ ಬೇಡೋಣ.